ಹಾಡದೆ ಉಳಿದ ಜೋಸೆಫರು

ಕ್ರಿಸ್‌ಮಸ್ಸಿಗೆ ಸಿದ್ಧರಾಗುವ ಆಗಮನ ಕಾಲದ ಮೂರನೆಯ ಭಾನುವಾರದ ಸಂಜೆ, ಯೇಸುವಿನ ಜನನದ ದೃಶ್ಯವನ್ನು ತೋರುವ ಗೋದಲಿಗೆಂದು ತೆಂಗಿನ ಚಿಪ್ಪುಗಳಲ್ಲಿ ಬಿತ್ತಿದ್ದ ರಾಗಿಗೆ ನೀರು ಚಿಮುಕಿಸಿ, ಜಪಸರ ಮುಗಿಸಿದ ಮೇಲೆ, ಮನೆಯವರೆಲ್ಲ ಒಟ್ಟಿಗೆ ಕೂತು ‘ಜರ್ನಿ ಟು ಬೆಥ್ಲೆಹೆಮ್’ ಚಿತ್ರವನ್ನು ನೋಡಿದೆವು. ಆಡಂ ಆಂಡರ್ಸ್ ನಿರ್ದೇಶಿಸಿದ, 2023ರ ನವೆಂಬರಿನಲ್ಲಿ ತೆರೆಕಂಡ ಈ ಇಂಗ್ಲಿಷ್ ಚಿತ್ರವು ಯೇಸುಸ್ವಾಮಿಯ ಜನನದ ಕಥೆಯನ್ನು ಹಾಡು ಮತ್ತು ಕುಣಿತಗಳಲ್ಲಿ ಹೇಳುತ್ತದೆ. ಇಂತಹ ಪವಿತ್ರ ಕಥೆಗೆ ಪೇಟೆಬೀದಿಯ ಕುಣಿತ ಒಗ್ಗುತ್ತದೆಯೇ ಎಂಬ ಅಳುಕು ನನ್ನಲ್ಲಿ ಇದ್ದೇ ಇತ್ತು. ಯೇಸುವಿನ ತಾಯಿ ಮರಿಯಮ್ಮನವರ ಪಾತ್ರಧಾರಿ ಹಾಡಲು ತೊಡಗಿದಾಗ, ಪಕ್ಕದಲ್ಲಿ ಕೂತಿದ್ದ ನಮ್ಮ ಅಮ್ಮ ಕಣ್ಣುಮುಚ್ಚಿ, ತುಟಿಯಲ್ಲೇ ಮರಿಯಮ್ಮನವರ ಸ್ತುತಿಗೀತೆಯನ್ನು ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದುದನ್ನು ಕಂಡೆ. ಆಗ ನನ್ನ ಅಳುಕು ಕರಗಿತು.

ಏಕೆಂದರೆ ಸಂತ ಲೂಕರು ಈ ಕಥೆಯನ್ನು ಮೊದಲಿಗೇ ಹಾಡುಗಳಲ್ಲಿ ಹೇಳಿದ್ದಾರೆ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಶುಭಸಂದೇಶಗಳಲ್ಲಿ ಒಂದಾದ ಅವರ ಶುಭಸಂದೇಶದ ಮೊದಲ ಎರಡು ಅಧ್ಯಾಯಗಳಲ್ಲಿಯೇ ನಾಲ್ಕು ಗೀತೆಗಳಿವೆ. ಬೆಟ್ಟದ ಸೀಮೆಯ ತಮ್ಮ ಬಂಧು ಎಲಿಜಬೇತಮ್ಮನವರ ಮನೆಯಲ್ಲಿ, ಗದ್ದುಗೆಯೇರಿದ ಬಲಿಷ್ಠರನ್ನು ಕೆಳಗಿಳಿಸಿ ದೀನರನ್ನು ಮೇಲೆತ್ತುವ ದೇವರನ್ನು ಕೊಂಡಾಡುತ್ತ ಮರಿಯಮ್ಮನವರು ಹಾಡುತ್ತಾರೆ. ದೇವದೂತನ ಮಾತನ್ನು ನಂಬದೆ ಮೂಕರಾಗಿದ್ದ ಎಲಿಜಬೇತಮ್ಮನವರ ಪತಿ ಜಕರೀಯರಿಗೆ ಮಗನ ನಾಮಕರಣದ ದಿನ ನಾಲಿಗೆ ಸಡಿಲವಾದಾಗ ಬಂದದ್ದೂ ಸ್ತುತಿಯೇ. ಹೊಲದ ಕುರುಬರ ಮುಂದೆ ದೂತಗಣ ಮಹಿಮೆಯನ್ನು ಸಾರುತ್ತದೆ, ದೇವಾಲಯದಲ್ಲಿ ಮುದಿ ಸಿಮೆಯೋನರು ಕೂಸನ್ನು ಕೈಯಲ್ಲಿ ಹಿಡಿದು, ಇನ್ನು ನೆಮ್ಮದಿಯಿಂದ ಹೊರಡಬಲ್ಲೆ ಎನ್ನುತ್ತಾರೆ. ಧರ್ಮಸಭೆ ಇವುಗಳಲ್ಲಿ ಒಂದನ್ನೂ ಕೈಬಿಟ್ಟಿಲ್ಲ: ಜಕರೀಯರ ಗೀತೆ ಬೆಳಗಿನ ಪ್ರಾರ್ಥನೆಯಲ್ಲಿ, ಮರಿಯಮ್ಮನವರದು ಸಂಜೆಯ ಪ್ರಾರ್ಥನೆಯಲ್ಲಿ, ಸಿಮೆಯೋನರದು ಮಲಗುವ ಮುನ್ನ. ದೂತರ ಗೀತೆಯಿಂದ ಮೊದಲಾಗುವ ಮಹಿಮಾಗೀತೆಯನ್ನಂತೂ ಆಗಮನದ ನಾಲ್ಕೂ ಭಾನುವಾರ ಗುಡಿಯ ಆರಾಧನೆಯಾದ ಬಲಿಪೂಜೆಯಲ್ಲಿ ಹಾಡದೆ ತಡೆದಿಟ್ಟು, ಕ್ರಿಸ್‌ಮಸ್ ರಾತ್ರಿಯೇ ಮತ್ತೆ ಎತ್ತಿಕೊಳ್ಳುತ್ತೇವೆ. ಗಂಟೆಗಳ ನಾದದೊಡನೆ ಆ ಗೀತೆ ಗುಡಿ ತುಂಬುವ ಗಳಿಗೆಗಾಗಿ ನಾನು ಬಾಲ್ಯದಿಂದಲೂ ಕಾಯುತ್ತ ಬಂದಿದ್ದೇನೆ.

ಚಿತ್ರದಲ್ಲಿ ಲೂಕರದೂ ಅಲ್ಲದ, ಜನನದ ಕಥೆಯನ್ನು ಬರೆದ ಇನ್ನೊಬ್ಬ ಶುಭಸಂದೇಶಕಾರ ಮತ್ತಾಯರದೂ ಅಲ್ಲದ ಸಂಗತಿಗಳು ಹಲವಿವೆ. ನಿಶ್ಚಿತಾರ್ಥಕ್ಕೆ ಮೊದಲು ಮರಿಯಮ್ಮನವರೂ ಜೋಸೆಫರೂ ಪೇಟೆಯಲ್ಲಿ ಅರಿಯದೆ ಭೇಟಿಯಾಗುವುದು ಚಿತ್ರದವರ ಕಲ್ಪನೆ. ಮೂಡಣದ ಜ್ಞಾನಿಗಳು ನಗಿಸುವ ಮೂವರು ಗೆಳೆಯರಾಗಿದ್ದಾರೆ. ಮತ್ತಾಯರು ಕಾಣಿಕೆಗಳನ್ನು ಚಿನ್ನ, ಧೂಪ, ರಕ್ತಬೋಳವೆಂದು ಹೆಸರಿಸಿದರೇ ಹೊರತು ತಂದವರು ಎಷ್ಟು ಮಂದಿ ಎಂದು ಬರೆಯಲಿಲ್ಲ. ಆಂಟೋನಿಯೊ ಬಾಂಡೆರಾಸ್ ಅಭಿನಯಿಸಿದ ಹೆರೋದ ರಾಜನೂ ತನ್ನ ಗರ್ವವನ್ನು ಹಾಡಿಕೊಳ್ಳುತ್ತಾನೆ. ಇವು ಯಾವುವೂ ನನ್ನನ್ನು ನೋಯಿಸಲಿಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಬೆತ್ಲೆಹೇಮಿನ ಬಡತನವನ್ನು ಕಣ್ಣಾರೆ ಕಾಣಬೇಕೆಂದು ಹುಲ್ಲು ತುಂಬಿದ ಗೋದಲಿಯನ್ನಿಟ್ಟು, ಎತ್ತು ಕತ್ತೆಗಳನ್ನು ತಂದು ನಿಲ್ಲಿಸಿದರಲ್ಲ, ಆ ಎತ್ತು ಕತ್ತೆಗಳೂ ಶುಭಸಂದೇಶದ ಜನನ ಕಥೆಯಲ್ಲಿ ಇಲ್ಲ. ಆ ರಾತ್ರಿ ಫ್ರಾನ್ಸಿಸರು ಶುಭಸಂದೇಶವನ್ನು ಹಾಡಿದರು. ಚಿತ್ರ ಬಂದ ವರ್ಷವೇ ಆ ಗೋದಲಿಗೆ 800 ವರ್ಷ ತುಂಬಿತೆಂಬುದು ನನಗೆ ಬಹಳ ಹಿತವೆನಿಸಿತು.

ಒಂದು ಕಡೆ ಮಾತ್ರ ಮನಸ್ಸು ತಡೆದು ನಿಂತಿತು. ಮರಿಯಮ್ಮನವರು ಗರ್ಭಿಣಿಯೆಂದು ತಿಳಿದಾಗ ನಂಬುವುದೋ ಬಿಡುವುದೋ ಎಂಬ ತಳಮಳವನ್ನು ಚಿತ್ರದ ಜೋಸೆಫರು ದೊಡ್ಡ ದನಿಯಲ್ಲಿ ಹಾಡುತ್ತಾರೆ. ಹಾಡು ಚೆನ್ನಾಗಿಯೇ ಇದೆ. ಮಗಳು ನನ್ನ ಕಡೆ ತಿರುಗಿ, “ಅಪ್ಪಾ, ಬೈಬಲಿನಲ್ಲಿ ಜೋಸೆಫರು ಏನಂತ ಹಾಡ್ತಾರೆ?” ಎಂದು ಕೇಳಿದಳು. ಚಿತ್ರ ಮುಗಿದ ಮೇಲೆ ಬೈಬಲು ತೆಗೆದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಡುಕಿದೆ. ಹಾಡಿರಲಿ, ನಾಲ್ಕೂ ಶುಭಸಂದೇಶಗಳಲ್ಲಿ ಜೋಸೆಫರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಹೆಂಡತಿಯಾಗಬೇಕಾದವಳನ್ನು ಬಯಲಿಗೆಳೆಯಲು ಒಲ್ಲದ ಸತ್ಪುರುಷ ಎಂದಷ್ಟೇ ಮತ್ತಾಯರು ಹೇಳಿ, ಮುಂದೆ ಅವರು ಕಂಡ ಕನಸುಗಳನ್ನೂ, ಕನಸಿನಿಂದ ಎಚ್ಚೆತ್ತು ಮಾಡಿದ ಕೆಲಸಗಳನ್ನೂ ಬರೆಯುತ್ತಾರೆ.

ನಾನು ಓದಿದೆ, ಅವಳು ಬೆರಳಿಟ್ಟು ಸಾಲುಗಳನ್ನು ಹಿಂಬಾಲಿಸಿದಳು. ದೂತನು ಹೇಳಿದಂತೆ ಮರಿಯಮ್ಮನವರನ್ನು ಮನೆಗೆ ಕರೆದುಕೊಂಡರು. ಕೂಸಿಗೆ ಯೇಸು ಎಂದು ಹೆಸರಿಟ್ಟರು. ಹೆರೋದನು ಮಗುವನ್ನು ಕೊಲ್ಲಲು ಹುಡುಕುತ್ತಾನೆಂದು ತಿಳಿದ ರಾತ್ರಿ, ಬೆಳಗಾಗುವ ತನಕವೂ ಕಾಯದೆ ಎದ್ದು, ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟರು. “ಎಲ್ಲಿಗೆ, ಯಾಕೆ ಅಂತ ಕೂಡ ಕೇಳಲಿಲ್ಲವಾ?” ಎಂದಳು. ಇಲ್ಲವೆಂದೆ.

ಅಷ್ಟರಲ್ಲಿ ನಮ್ಮ ಅಪ್ಪ ಎದ್ದು ಹೋಗಿ, ಸಂಜೆ ನೀರು ತಾಕದೆ ಉಳಿದಿದ್ದ ಎರಡು ಚಿಪ್ಪುಗಳನ್ನು ಕಿಟಕಿಯ ಬಳಿ ಸರಿಸಿ, ಅಂಗೈಯಲ್ಲಿ ನೀರು ಹಿಡಿದು ಮೊಳಕೆ ಮುರಿಯದಂತೆ ಬೆರಳ ಸಂದಿಯಿಂದ ಬಿಡತೊಡಗಿದರು.