ಪುರ್ಪುರಾ ಇದ್ದೂ ನೇರಳೆಗೆ ಬೇರೆ ಹೆಸರು

12 ನವೆಂಬರ್ 2025, ಬುಧವಾರ

ಇಂಗ್ಲಿಷಿನ 'ಪರ್ಪಲ್'ಗೆ ಮೂಲವಾದ ಲ್ಯಾಟಿನ್ನಿನ 'ಪುರ್ಪುರಾ' ಎಂಬ ಪದ ಲ್ಯಾಟಿನ್ನಿನಿಂದ ಹುಟ್ಟಿದ ಭಾಷೆಗಳಲ್ಲಿ ಇನ್ನೂ ಇದೆ: ಇಟಾಲಿಯನ್ನಿನಲ್ಲಿ ಪೋರ್ಪೊರಾ, ಫ್ರೆಂಚಿನಲ್ಲಿ ಪೂರ್ಪ್ರ್, ಸ್ಪ್ಯಾನಿಷ್‌ನಲ್ಲಿ ಪುರ್ಪುರಾ. ಆದರೂ ದಿನಬಳಕೆಯ ನೇರಳೆ ಬಣ್ಣಕ್ಕೆ ಇಟಲಿಯವರು ವಿಯೋಲಾ ಅನ್ನುತ್ತಾರೆ, ಫ್ರೆಂಚರು ವಿಯೊಲೆ, ಸ್ಪೇನಿನವರು ಮೊರಾದೊ, ಪೋರ್ಚುಗೀಸರು ರೋಶು, ಸ್ಪೇನಿನ ಈಶಾನ್ಯದ ಕ್ಯಾಟಲನ್ನರು ಲೀಲಾ, ರೊಮೇನಿಯಾದವರು ಮೊವ್.

ಕಾರಣ ಹುಡುಕಬೇಕಾದದ್ದು ಬಣ್ಣಗಾರರ ತೊಟ್ಟಿಯಲ್ಲಿ. ಪುರ್ಪುರಾದ ಮೂಲವಾದ ಗ್ರೀಕಿನ 'ಪೋರ್ಫುರಾ' ಎಂದರೆ ಬಣ್ಣ ಕೊಡುವ ಕಡಲ ಶಂಖದ ಹುಳು. 1909ರಲ್ಲಿ ರಸಾಯನವಿಜ್ಞಾನಿ ಪಾಲ್ ಫ್ರೀಡ್‌ಲೆಂಡರ್ 12,000 ಹುಳುಗಳಿಂದ ತೆಗೆದ ಶುದ್ಧ ಬಣ್ಣ ಬರೀ 1.4 ಗ್ರಾಂ. ಇಷ್ಟು ದುಬಾರಿಯಾದ್ದರಿಂದ ಪುರ್ಪುರಾ ಎಂದರೆ ಬಣ್ಣಕ್ಕಿಂತ ಹೆಚ್ಚಾಗಿ ಅರಸರ ಬಟ್ಟೆ, ಪದವಿ. ಬಣ್ಣವಾಗಿಯೂ ಅದು ಕೆಂಪಿನ ಕಡೆಗೇ ವಾಲಿತ್ತು. ಹೆಪ್ಪುಗಟ್ಟಿದ ರಕ್ತದ ಛಾಯೆಯದ್ದೇ ಶ್ರೇಷ್ಠ ಎನ್ನುತ್ತಾನೆ ಪ್ರಾಚೀನ ರೋಮಿನ ಲೇಖಕ ಪ್ಲಿನಿ. 1453ರಲ್ಲಿ ಬೈಜಾಂಟಿಯನ್ ಅರಸರ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದ ಮೇಲೆ ಶಂಖದ ಬಣ್ಣ ಸಿಗುವುದು ನಿಂತಿತು. 1464ರಲ್ಲಿ ಪೋಪ್ ಎರಡನೇ ಪಾಲ್ ಕಾರ್ಡಿನಲ್‌ಗಳ (ಪೋಪರ ಕೆಳಗಿನ ಹಿರಿಯ ಧರ್ಮಗುರುಗಳ) ನಿಲುವಂಗಿಗೆ ಕೀಟದಿಂದ ತೆಗೆದ ಕೆಂಪನ್ನು ಒಪ್ಪಿದ. ಬಣ್ಣ ಬದಲಾಯಿತು, ಹೆಸರು ಉಳಿಯಿತು. ಇಟಾಲಿಯನ್ನಿನಲ್ಲಿ 'ಪೋರ್ಪೊರಾತೊ' ಎಂದರೆ ಇವತ್ತಿಗೂ ಕಾರ್ಡಿನಲ್, ತೊಡುವುದು ಮಾತ್ರ ಅಪ್ಪಟ ಕೆಂಪು. ಅನುವಾದಕರು ಎಡವುವುದು ಇಲ್ಲೇ: ಫ್ರೆಂಚಿನ ಪೂರ್ಪ್ರ್ ಕಂಡೊಡನೆ 'ನೇರಳೆ' ಎಂದು ಬರೆದರೆ ಹೆಚ್ಚಿನ ಕಡೆ ತಪ್ಪು. ಅದು ಗಾಢ ಕೆಂಪು.

ಹೀಗೆ ತೆರವಾದ ಜಾಗಕ್ಕೆ ಹೂವು, ಹಣ್ಣು ಬಂದವು. ವಿಯೋಲಾ, ವಿಯೊಲೆ ಎರಡೂ ವಯೊಲೆಟ್ ಹೂವಿನವು. ವ್ಯಾಕರಣ ಮಾತ್ರ ಬೇರೆ. ಇಟಾಲಿಯನ್ನಿನ ವಿಯೋಲಾ ಲಿಂಗ, ವಚನ ಯಾವುದಕ್ಕೂ ಬಗ್ಗುವುದಿಲ್ಲ. ಲಂಗ ಒಂದಿರಲಿ ಹತ್ತಿರಲಿ, ವಿಯೋಲಾನೇ. ಫ್ರೆಂಚಿನದು ಸ್ತ್ರೀಲಿಂಗದಲ್ಲಿ ವಿಯೊಲೆತ್ ಆಗುತ್ತದೆ. ರೊಮೇನಿಯಾದ ಮೊವ್ ಫ್ರೆಂಚಿನ 'ಮೋವ್' ಎಂಬ ಹೂವಿನ ಹೆಸರಿನ ಕಡ. ಅದೂ ಬದಲಾಗದ ಪದ. 1856ರಲ್ಲಿ ಇಂಗ್ಲಿಷ್ ರಸಾಯನವಿಜ್ಞಾನಿ ಪರ್ಕಿನ್ ಕಂಡುಹಿಡಿದ ಕೃತಕ ಬಣ್ಣಕ್ಕೆ ಅಂಟಿದ್ದೂ ಇದೇ ಹೂವಿನ ಹೆಸರು.

ಸ್ಪ್ಯಾನಿಷ್‌ನ ಮೊರಾದೊ 'ಮೋರಾ'ದಿಂದ ಬಂದದ್ದು. ಮೋರಾ ಎಂದರೆ ರೇಷ್ಮೆ ಬೆಳೆಗಾರರ ಹಿಪ್ಪುನೇರಳೆಯ ಹಣ್ಣು. ನಮ್ಮ 'ನೇರಳೆ'ಯೂ ಹಣ್ಣಿನ ಹೆಸರೇ ಆದ್ದರಿಂದ ಕನ್ನಡಿಗರ ನೆನಪಿನಲ್ಲಿ ಬೇಗ ಕೂರುತ್ತದೆ. ನೇರಳೆ ಅಂಗಿ 'ಕಮೀಸಾ ಮೊರಾದಾ', ಏಟು ಬಿದ್ದು ಕಂದಿದ ಕಣ್ಣು 'ಓಹೋ ಮೊರಾದೊ'.

ಕ್ಯಾಟಲನ್ನರ ಲೀಲಾ ನಮಗೆ ಇನ್ನೂ ಹತ್ತಿರದ್ದು. ಸಂಸ್ಕೃತದ ನೀಲ ಪರ್ಷಿಯನ್ನಿನಲ್ಲಿ ನೀಲಕ್, ಲೀಲಕ್ ಆಗಿ, ಅರಬ್ಬಿಯ ಮೂಲಕ ಯುರೋಪಿಗೆ ಹೋಗಿ ಒಂದು ಹೂವಿನ ಹೆಸರಾಯಿತು, ಆಮೇಲೆ ಆ ಹೂವಿನ ಬಣ್ಣವಾಯಿತು.

ಎಲ್ಲಕ್ಕಿಂತ ತಲೆಕೆಡಿಸುವುದು ಪೋರ್ಚುಗೀಸಿನ ರೋಶು. ಇದರ ಮೂಲ ಲ್ಯಾಟಿನ್ನಿನ 'ರುಸ್ಸೆಯುಸ್', ಅಂದರೆ ಕೆಂಪುಛಾಯೆಯ. ಸ್ಪ್ಯಾನಿಷ್‌ನಲ್ಲಿ ಇದೇ ಮೂಲದ 'ರೋಹೊ' ಕೆಂಪಾಗಿಯೇ ಉಳಿಯಿತು; ಪೋರ್ಚುಗೀಸಿನಲ್ಲಿ ಕೆಂಪಿನ ಜಾಗವನ್ನು 'ವೆರ್ಮೇಲ್ಯು' ಹಿಡಿದುಕೊಂಡು ರೋಶು ನೇರಳೆಗೆ ಸರಿಯಿತು. 1541ರಲ್ಲಿ ಗೋವಾದಿಂದ ಸುಯೆಜ್‌ವರೆಗೆ ಹೋದ ನೌಕಾದಳದ ಪಯಣವನ್ನು ದಾಖಲಿಸಿದ ಜುಆಂವ್ ದ ಕಾಸ್ತ್ರೊ ಆ ಕಡಲನ್ನು 'ಮಾರ್ ರೋಶು' ಎಂದೇ ಕರೆದ. ಅವನ ಮಟ್ಟಿಗೆ ಅದು ಕೆಂಪು ಸಮುದ್ರ, ಇವತ್ತಿನ ಲಿಸ್ಬನ್ನಿನವರಿಗೆ 'ಮಾರ್ ವೆರ್ಮೇಲ್ಯು'. ಆ ಕಾಲದ ಗೋವಾ ದಾಖಲೆ ಓದುವವರು ಬಟ್ಟೆಯ ಪಟ್ಟಿಯಲ್ಲಿ ರೋಶು ಕಂಡರೆ, ಅದೇ ಪಟ್ಟಿಯಲ್ಲಿ ವೆರ್ಮೇಲ್ಯು ಬೇರೆಯಾಗಿ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.