ಗದಗಿನಲ್ಲಿ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ ಮತ್ತು ಲಿನಕ್ಸ್

ಲ್ಯಾಪ್‌ಟಾಪ್ ಕೆಟ್ಟಾಗ ಅದರ ರಿಪೇರಿ ಎಷ್ಟು ಸುಲಭ ಎಂಬುದು ನಾವು ಯಾವ ಊರಿನಲ್ಲಿದ್ದೇವೆ ಎಂಬುದನ್ನೂ ಅವಲಂಬಿಸಿರುತ್ತದೆ. ಗದಗಿನವರಿಗೆ ಕಂಪನಿಯ ಸರ್ವಿಸ್ ಸೆಂಟರ್ ಎಂದರೆ ಸಾಮಾನ್ಯವಾಗಿ ಹುಬ್ಬಳ್ಳಿ. ಯಂತ್ರ ಅಲ್ಲಿಂದ ಬೆಂಗಳೂರಿಗೆ ಹೋಯಿತೆಂದರೆ, ಅದು ಮರಳಿ ಬರುವವರೆಗೆ ಕೆಲಸ ನಿಂತಂತೆಯೇ. ಇಲ್ಲಿನ ಮುದ್ರಣಾಲಯಗಳಿಗೆ ಪುಟವಿನ್ಯಾಸ ಮಾಡಿಕೊಡುವುದು ಮತ್ತು ಕರಡು ತಿದ್ದುವುದು ನನ್ನ ವೃತ್ತಿ. ನನ್ನ ಹಿಂದಿನ ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ (ಕೆಲಸ ನಡೆಯುವಾಗ ಮಾಹಿತಿ ಹಿಡಿದಿಡುವ ಮೆಮೊರಿ) ಅನ್ನು ಮುಖ್ಯ ಬೋರ್ಡಿಗೇ ಬೆಸೆದಿದ್ದರು, ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿದ್ದರು. ಆ ಬ್ಯಾಟರಿ ಉಬ್ಬಿಕೊಂಡಾಗ ಉಳಿದೆಲ್ಲ ಭಾಗಗಳು ಸರಿಯಾಗಿದ್ದರೂ ಯಂತ್ರವನ್ನು ಮೂಲೆಗಿಡಬೇಕಾಯಿತು. ಮುಂದಿನದನ್ನು ಕೊಳ್ಳುವಾಗ ಬಿಚ್ಚಲು ಬರುವ ಯಂತ್ರವೇ ಬೇಕೆಂದು ನಿರ್ಧರಿಸಿದೆ.

ಹಾಗೆ ನನ್ನ ಮೇಜಿಗೆ ಬಂದದ್ದು ಫ್ರೇಮ್‌ವರ್ಕ್ ಕಂಪನಿಯ 13 ಇಂಚಿನ ಲ್ಯಾಪ್‌ಟಾಪ್. ಅಮೆರಿಕದ ಈ ಕಂಪನಿ ತನ್ನ ಮೊದಲ ಲ್ಯಾಪ್‌ಟಾಪನ್ನು 2021ರಲ್ಲಿ ಮಾರುಕಟ್ಟೆಗೆ ತಂದಿತು. ನನ್ನದು 2023ರ ಮಾದರಿ, ಎಎಂಡಿ ರೈಜನ್ 7040 ಸರಣಿಯ ಪ್ರೊಸೆಸರ್ ಇರುವಂಥದ್ದು. ನಾನು ಕೊಂಡಾಗ ಅದು ಭಾರತದಲ್ಲಿ ನೇರವಾಗಿ ಸಿಗುತ್ತಿರಲಿಲ್ಲವಾದ್ದರಿಂದ ಅಮೆರಿಕದಲ್ಲಿರುವ ಸೋದರಳಿಯ ಊರಿಗೆ ಬರುವಾಗ ತಂದುಕೊಟ್ಟ. ರ‍್ಯಾಮ್, ಎಸ್‌ಎಸ್‌ಡಿ (ಕಡತಗಳು ಉಳಿಯುವ ಸಂಗ್ರಹ ಭಾಗ) ಎರಡೂ ಇಲ್ಲದ ಮಾದರಿಯನ್ನೇ ತರಿಸಿ, ಅವೆರಡನ್ನೂ ಇಲ್ಲಿಯೇ ಕೊಂಡು ಹಾಕಿಕೊಂಡೆ. ಇವು ಎಲ್ಲ ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಭಾಗಗಳು.

ತಳದ ಐದು ಸ್ಕ್ರೂಗಳನ್ನು ಸಡಿಲಿಸಿದರೆ ಕೀಬೋರ್ಡ್ ಇರುವ ಮೇಲಿನ ಹೊದಿಕೆ ಎದ್ದು ಬರುತ್ತದೆ; ಅದನ್ನು ಹಿಡಿದಿರುವುದು ಅಯಸ್ಕಾಂತ. ಸ್ಕ್ರೂಗಳು ಪೂರ್ತಿ ಕಳಚಿ ಬೀಳದಂತೆ ಮಾಡಿರುವುದರಿಂದ ಕಳೆದುಹೋಗುವ ಭಯವಿಲ್ಲ, ಬೇಕಾದ ಸ್ಕ್ರೂಡ್ರೈವರ್ ಡಬ್ಬಿಯಲ್ಲಿಯೇ ಬರುತ್ತದೆ. ಒಳಗಿನ ಭಾಗಗಳ ಮೇಲೆ ಹೆಸರಿನ ಜೊತೆಗೆ ಒಂದು ಕ್ಯೂಆರ್ ಕೋಡ್ ಮುದ್ರಿಸಿದ್ದಾರೆ. ಅದನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಭಾಗವನ್ನು ತೆಗೆಯುವ, ಕೂರಿಸುವ ವಿಧಾನ ಚಿತ್ರಸಹಿತ ಸಿಗುತ್ತದೆ. ನನಗೆ ಈ ಲ್ಯಾಪ್‌ಟಾಪಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ಹೀಗೆ ಮುಚ್ಚಿಡದೆ ಕೊಟ್ಟ ಮಾಹಿತಿಯೇ. ಗದಗಿನ ಗಾಳಿಯನ್ನೂ ಎರೆ ಭೂಮಿಯ ಧೂಳನ್ನೂ ಬಲ್ಲವರಿಗೆ ಫ್ಯಾನಿನೊಳಗೆ ಏನು ಸೇರಿಕೊಳ್ಳುತ್ತದೆ ಎಂದು ಹೇಳಬೇಕಿಲ್ಲ. ಆಷಾಢದ ಗಾಳಿ ಇಳಿದ ಮೇಲೆ ಒಮ್ಮೆ ಬಿಚ್ಚಿ ಬ್ರಷ್‌ನಿಂದ ಸ್ವಚ್ಛಗೊಳಿಸಿದರೆ ಫ್ಯಾನಿನ ಸದ್ದು ತಗ್ಗುತ್ತದೆ, ಯಂತ್ರವೂ ತಂಪಾಗಿರುತ್ತದೆ.

ಬದಿಯ ನಾಲ್ಕು ಗೂಡುಗಳಲ್ಲಿ ಯುಎಸ್‌ಬಿ, ಎಚ್‌ಡಿಎಂಐ, ಈಥರ್ನೆಟ್ ಮುಂತಾದ ಪುಟ್ಟ ಕಾರ್ಡುಗಳನ್ನು ಬೇಕಾದಂತೆ ಬದಲಿಸಿಕೊಳ್ಳಬಹುದು. ಆದರೆ ನನ್ನ ಮಾದರಿಯಲ್ಲಿ ನಾಲ್ಕೂ ಗೂಡುಗಳ ಸಾಮರ್ಥ್ಯ ಒಂದೇ ಅಲ್ಲ. ಒಂದು ಗೂಡಿನಿಂದ ಹೊರಗಿನ ಮಾನಿಟರ್‌ಗೆ ಚಿತ್ರ ಹೋಗುವುದಿಲ್ಲ.

ಇನ್ನು ವಿಂಡೋಸ್ ಬದಲಿಗೆ ಬಳಸಬಹುದಾದ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ವಿಷಯಕ್ಕೆ ಬರುತ್ತೇನೆ. ಯಂತ್ರವನ್ನು ಬಿಚ್ಚುವ ಸ್ವಾತಂತ್ರ್ಯವಿದ್ದು, ಅದರಲ್ಲಿ ನಡೆಯುವ ತಂತ್ರಾಂಶ ಮಾತ್ರ ಇಷ್ಟು ವರ್ಷಕ್ಕೆ ಮುಗಿಯಿತೆಂದು ಬೇರೊಬ್ಬರು ನಿರ್ಧರಿಸುವಂತಿದ್ದರೆ ಆ ಸ್ವಾತಂತ್ರ್ಯ ಅರ್ಧದ್ದೇ ಎಂದು ನಾನು ತಿಳಿದಿದ್ದೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಾಗ, ಚೆನ್ನಾಗಿ ನಡೆಯುತ್ತಿದ್ದ ಎಷ್ಟೋ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲವೆಂಬ ಒಂದೇ ಕಾರಣಕ್ಕೆ ಹಳೆಯವಾದವು. ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್‌ನ ಒಂದು ರೂಪವಾದ ಉಬುಂಟು 24.04 ಇದೆ. ಗ್ರಾಫಿಕ್ಸ್‌ಗೂ ವೈಫೈಗೂ ಬೇಕಾದ ಡ್ರೈವರ್‌ಗಳು (ಆ ಭಾಗಗಳನ್ನು ನಡೆಸುವ ತಂತ್ರಾಂಶ) ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿಯೇ ಇರುವುದರಿಂದ ಯಾವುದನ್ನೂ ಹುಡುಕಿ ಹಾಕಬೇಕಾಗಲಿಲ್ಲ. ಯಂತ್ರ ಚಾಲೂ ಆಗುವಾಗ ಮೊದಲು ನಡೆಯುವ ತಂತ್ರಾಂಶವಾದ ಬಯೋಸ್‌ನ ಅಪ್‌ಡೇಟ್ ಕೂಡ ಲಿನಕ್ಸ್‌ನ ಎಫ್‌ಡಬ್ಲ್ಯುಯುಪಿಡಿ ವ್ಯವಸ್ಥೆಯ ಮೂಲಕ ಬರುತ್ತದೆ. ಇಡೀ ದಿನ ಚಾರ್ಜರ್‌ಗೆ ಸಿಕ್ಕಿಸಿಯೇ ಕೆಲಸ ಮಾಡುವವನಾದ್ದರಿಂದ ಬ್ಯಾಟರಿ ಶೇ. 80ಕ್ಕಿಂತ ಹೆಚ್ಚು ತುಂಬದಂತೆ ಬಯೋಸ್‌ನಲ್ಲಿ ಮಿತಿ ಹಾಕಿದ್ದೇನೆ; ಸದಾ ಪೂರ್ತಿ ತುಂಬಿದ ಸ್ಥಿತಿಯಲ್ಲಿದ್ದರೆ ಲಿಥಿಯಂ ಬ್ಯಾಟರಿ ಬೇಗ ಸೊರಗುತ್ತದೆ.

ತೊಡಕುಗಳೂ ಇವೆ. ಈ ಪ್ರೊಸೆಸರ್‌ನಲ್ಲಿ ಹಳೆಯ ಕಂಪ್ಯೂಟರುಗಳಲ್ಲಿದ್ದ ಎಸ್3 ಎಂಬ ಗಾಢ ನಿದ್ರೆಯ ಸೌಲಭ್ಯವಿಲ್ಲ, ಮುಚ್ಚಿಟ್ಟಾಗಲೂ ಬ್ಯಾಟರಿ ಅಷ್ಟಿಷ್ಟು ಕರಗುತ್ತಲೇ ಇರುತ್ತದೆ. ಅದಕ್ಕೆ ಪರಿಹಾರವೆಂದರೆ ಕೆಲಸದ ಸ್ಥಿತಿಯನ್ನು ಎಸ್‌ಎಸ್‌ಡಿಯಲ್ಲಿ ಉಳಿಸಿ ಯಂತ್ರವನ್ನು ಪೂರ್ತಿ ಆರಿಸುವ ಹೈಬರ್ನೇಟ್; ಆದರೆ ಉಬುಂಟುವಿನಲ್ಲಿ ಅದನ್ನು ನಾವೇ ಹೊಂದಿಸಿಕೊಳ್ಳಬೇಕು, ಮೇಲಾಗಿ ಸೆಕ್ಯೂರ್ ಬೂಟ್ (ನಂಬಿಕೆಯ ತಂತ್ರಾಂಶವನ್ನಷ್ಟೇ ಚಾಲೂ ಆಗಲು ಬಿಡುವ ಸುರಕ್ಷತಾ ವ್ಯವಸ್ಥೆ) ಚಾಲೂ ಇದ್ದರೆ ಕರ್ನೆಲ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಪರದೆಯ ರೆಸಲ್ಯೂಷನ್ 2256×1504. ಪರದೆಯಲ್ಲಿ ಕಾಣುವುದನ್ನು ಹಿಗ್ಗಿಸುವ ಪ್ರಮಾಣ (ಸ್ಕೇಲಿಂಗ್) ಬದಲಿಸಿ ನೋಡಿದರೆ ಅಕ್ಷರಗಳು ನೂರು ಪ್ರತಿಶತದಲ್ಲಿ ತೀರ ಸಣ್ಣವಾಗಿ, ಇನ್ನೂರರಲ್ಲಿ ತೀರ ದೊಡ್ಡವಾಗಿ ಕಾಣುತ್ತವೆ. ನೂರೈವತ್ತಕ್ಕೆ ಇಟ್ಟರೆ ಕೆಲವು ಹಳೆಯ ತಂತ್ರಾಂಶಗಳ ಅಕ್ಷರ ಮಸುಕಾಗುತ್ತದೆ.

ಕನ್ನಡದ ಕೆಲಸ ಹೇಗೆ ಎಂದು ಮುದ್ರಣಾಲಯದ ಗೆಳೆಯರೆಲ್ಲ ಕೇಳುತ್ತಾರೆ. ಬೆರಳಚ್ಚಿಗೆ ತೊಂದರೆಯಿಲ್ಲ: ಲಿನಕ್ಸ್‌ನ ಬೆರಳಚ್ಚು ವ್ಯವಸ್ಥೆಯಾದ ಐಬಸ್‌ನಲ್ಲಿ ಎಂ17ಎನ್ ಎಂಬ ಭಾಷಾ ಕೀಲಿಮಣೆಗಳ ಸಂಗ್ರಹ ಹಾಕಿಕೊಂಡರೆ ‘ನುಡಿ’ ತಂತ್ರಾಂಶದಲ್ಲಿ ರೂಢಿಯಾದ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸ ಸಿಗುತ್ತದೆ, ಲಿಬ್ರೆಆಫೀಸ್‌ನಲ್ಲಿ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ. ಕಷ್ಟವಿರುವುದು ಹಳೆಯ ಕಡತಗಳಲ್ಲಿ. ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ. ಅದರ ನಂತರ ಹೊಸ ಆವೃತ್ತಿ ಬರದಿದ್ದರೂ ನಮ್ಮಲ್ಲಿ ಅದು ಇನ್ನೂ ಬಳಕೆಯಲ್ಲಿದೆ, ಅದರಲ್ಲಿರುವ ಪಠ್ಯವೆಲ್ಲ ಯೂನಿಕೋಡ್‌ಗಿಂತ (ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಶಿಷ್ಟತೆ) ಹಿಂದಿನ, ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿದ ಆಸ್ಕಿ ಫಾಂಟುಗಳದ್ದು. ಅದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಲಿನಕ್ಸ್‌ನಲ್ಲಿಯೂ ಚೆನ್ನಾಗಿ ನಡೆಯುತ್ತವೆ. ಆದರೂ ಎರಡು ಕಡೆ ಕಣ್ಣಿಡಲೇಬೇಕು. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲೇ ಬರಬೇಕು. ಈ ಸ್ಥಾನಪಲ್ಲಟದಲ್ಲಿ ‘ಕರ್ನಾಟಕ’ದಂಥ ಪದಗಳು ಕೆಡುವುದುಂಟು. ನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಅರ್ಥವಿಲ್ಲದ ಕನ್ನಡ ಅಕ್ಷರಗಳ ಗುಂಪಾಗಿಬಿಡುತ್ತದೆ. ಪೇಜ್‌ಮೇಕರ್ ಕಡತವನ್ನು ಹಾಗೆಯೇ ತೆರೆಯಬೇಕಾದಾಗ ಲಿನಕ್ಸ್‌ನೊಳಗೆ ವರ್ಚುವಲ್ ಮಷಿನ್ (ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್) ಮಾಡಿ ಅದರಲ್ಲಿ ವಿಂಡೋಸ್ ನಡೆಸುತ್ತೇನೆ. ಮುದ್ರಣಕ್ಕೆ ಪಿಡಿಎಫ್ ಕೊಟ್ಟರೆ ಸಾಕೆನ್ನುವ ಮುದ್ರಣಾಲಯಗಳು ಈಗ ಇರುವುದರಿಂದ ಅದರ ಅಗತ್ಯ ಕಡಿಮೆಯಾಗುತ್ತಿದೆ.

ಈ ಲ್ಯಾಪ್‌ಟಾಪನ್ನು ಎಲ್ಲರೂ ಕೊಳ್ಳಲಿ ಎಂದು ನಾನು ಹೇಳಲಾರೆ. ಬಿಚ್ಚಲು ಬಂದ ಮಾತ್ರಕ್ಕೆ ರಿಪೇರಿ ಆಗುವುದಿಲ್ಲ, ಬಿಡಿಭಾಗವೂ ಕೈಗೆ ಸಿಗಬೇಕು. ಇದರ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಹುಬ್ಬಳ್ಳಿಯಲ್ಲಿ ದೊರೆಯುತ್ತವೆ. ಕೀಬೋರ್ಡ್, ಕೀಲು, ಪರದೆ, ಬ್ಯಾಟರಿಗಳಿಗೆ ನಾನು ಮತ್ತೆ ವಿದೇಶದಿಂದ ಬರುವವರನ್ನೇ ಕಾಯಬೇಕು. ಬ್ಯಾಟರಿಯನ್ನಂತೂ ವಿಮಾನದಲ್ಲಿ ಕೈಚೀಲದಲ್ಲಿಯೇ ಇಟ್ಟುಕೊಂಡು ತರಬೇಕು, ಸಾಮಾನಿನ ಪೆಟ್ಟಿಗೆಯಲ್ಲಿ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಬಿಡುವುದಿಲ್ಲ. ಹಳೆಯ ಬೋರ್ಡ್ ತೆಗೆದು ಅದೇ ಕವಚಕ್ಕೆ ಹೊಸ ಪ್ರೊಸೆಸರ್‌ನ ಬೋರ್ಡ್ ಹಾಕಬಹುದೆಂಬುದು ನಿಜ, 2021ರ ಕವಚಕ್ಕೂ 2023ರ ಬೋರ್ಡ್ ಕೂರುತ್ತದೆ. ಆದರೆ ಹಾಗೆ ಬದಲಿಸಿದವರು ಹಳೆಯ ತಲೆಮಾರಿನ ಡಿಡಿಆರ್4 ರ‍್ಯಾಮ್ ಬಿಟ್ಟು ಹೊಸ ತಲೆಮಾರಿನ ಡಿಡಿಆರ್5 ಕೊಳ್ಳಬೇಕಾಯಿತು ಎಂಬುದನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಆದ್ದರಿಂದ ಧಾರವಾಡ ಅಥವಾ ಗದಗಿನ ವಿದ್ಯಾರ್ಥಿಗಳು ನನ್ನನ್ನು ಕೇಳಿದಾಗ, ಕಚೇರಿಗಳಿಂದ ಹೊರಬಿದ್ದ ಸೆಕೆಂಡ್‌ಹ್ಯಾಂಡ್ ಲೆನೊವೊ ಥಿಂಕ್‌ಪ್ಯಾಡ್ ಅಥವಾ ಡೆಲ್ ಲ್ಯಾಟಿಟ್ಯೂಡ್ ಲ್ಯಾಪ್‌ಟಾಪ್ ನೋಡಿ ಎನ್ನುತ್ತೇನೆ. ಕೊಳ್ಳುವ ಮುನ್ನ ರ‍್ಯಾಮ್ ಬೆಸೆದದ್ದೋ ಬಿಡಿಯೋ ಎಂದು ಮಾದರಿಯ ಸಂಖ್ಯೆ ಹಿಡಿದು ಖಚಿತಪಡಿಸಿಕೊಳ್ಳಿ, ಅಂಗಡಿಯಲ್ಲಿಯೇ ಪೆನ್‌ಡ್ರೈವ್‌ನಿಂದ ಉಬುಂಟು ಚಾಲೂ ಮಾಡಿ ವೈಫೈ, ಧ್ವನಿ, ಕ್ಯಾಮೆರಾ ಮೂರನ್ನೂ ಪರೀಕ್ಷಿಸಿ, ಬ್ಯಾಟರಿ ಎಷ್ಟು ಸವೆದಿದೆ ಎಂದು ನೋಡಿ, ಆಮೇಲೆ ಬೆಲೆ ಮಾತಾಡಿ.