ಹುಟ್ಟು ಮೇಲೆದ್ದ ಹೊತ್ತು

ರಂಗನತಿಟ್ಟಿನಲ್ಲಿ ದೋಣಿ ಹೊರಡುವ ಹೊತ್ತಿಗೆ ಬಿಸಿಲು ಏರಿಬಿಟ್ಟಿರುತ್ತದೆ. ಎಳೆಬಿಸಿಲಿನ ಹೊಂಬಣ್ಣದಲ್ಲಿ ಹಕ್ಕಿಗಳ ಫೋಟೊ ತೆಗೆಯುವ ಆಸೆಯನ್ನು ಟಿಕೆಟ್ ಕೊಡುವಲ್ಲೇ ಬಿಟ್ಟು ಹತ್ತುವುದು ಒಳ್ಳೆಯದು. ಮಾರ್ಚ್ ತಿಂಗಳ ಆ ಬೆಳಿಗ್ಗೆ ಹೊಳೆ ಇಳಿದಿತ್ತು. ಬಂಡೆಗಳು ಬೆನ್ನು ತೋರಿಸಿದ್ದವು, ಹೊಳೆಮತ್ತಿ ಮರ, ಬಿದಿರುಮೆಳೆಗಳ ಮೇಲೆಲ್ಲ ಗೂಡುಗಳ ಗಲಾಟೆ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ಜಾಸ್ತಿ ನೀರು ಬಿಟ್ಟರೆ ದೋಣಿಯೇ ನಿಲ್ಲುತ್ತದೆ.

ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ ಇದು. ಹಳೆಯ ಒಡ್ಡಿನಿಂದ ಕಾವೇರಿಯಲ್ಲಿ ಮೂಡಿದ ಪುಟ್ಟ ನಡುಗಡ್ಡೆಗಳು, ಹಾಗಾಗಿ ಹಕ್ಕಿಗಳು ಹತ್ತಿರವೇ ಸಿಗುತ್ತವೆ. 600 ಎಂಎಂ ಲೆನ್ಸ್ ಇಲ್ಲ ಎಂದು ಕೊರಗಬೇಕಿಲ್ಲ, 300-400 ಧಾರಾಳ ಸಾಕು. ಗೂಡಿನ ಹತ್ತಿರ ದೊಡ್ಡ ಲೆನ್ಸಿನವರೇ ಚಿತ್ರದ ಚೌಕಟ್ಟಿನಲ್ಲಿ ಹಕ್ಕಿಯ ರೆಕ್ಕೆ ತುಂಡಾಗಿ ಪೇಚಾಡುವುದು.

ಟ್ರೈಪಾಡ್ ಕಾರಿನಲ್ಲೇ ಇರಲಿ. ದೋಣಿಯ ಅಂಚಿಗೆ ಲೆನ್ಸ್ ಆನಿಸಿದರೆ ಹುಟ್ಟಿನ ಒಂದೊಂದು ಎಳೆತವೂ ಕ್ಯಾಮೆರಾಕ್ಕೆ ಹತ್ತುತ್ತದೆ. ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡು, ಮೊಣಕೈ ಪಕ್ಕೆಗೆ ಒತ್ತಿ ಕೂರಬೇಕು. ಜಾಕೆಟ್ ಸಡಿಲವಿದ್ದರೆ ಅದು ಮೊಣಕೈಯನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಇನ್ನು ಮುಖ್ಯವಾದದ್ದು ಹುಟ್ಟಿನ ಲಯ. ನೀರಿಗೆ ಹುಟ್ಟು ಬಿದ್ದಾಗ ದೋಣಿ ಜಗ್ಗುತ್ತದೆ, ಮೇಲೆದ್ದಾಗ ಒಂದೆರಡು ಸೆಕೆಂಡ್ ಸುಮ್ಮನೆ ತೇಲುತ್ತದೆ. ಕ್ಲಿಕ್ಕಿಸಬೇಕಾದ್ದು ಆಗ. ಶಟರ್ ವೇಗ 1/2000 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 6.3, ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಅನ್ನುವ ಅಳತೆ ನೇರ ಬಿಸಿಲಿಗೆ ಐಎಸ್‌ಒ 400ರ ಆಸುಪಾಸು. ಗೂಡು ಎಲೆಯ ನೆರಳಲ್ಲಿದ್ದರೆ 1600 ದಾಟಬೇಕಾಗುತ್ತದೆ. ನೀರಿನ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದರೆ ಒಂದೂವರೆ ಸ್ಟಾಪ್ ಬೆಳಕು ನಷ್ಟ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ಅಷ್ಟು ಲಾಭವೂ ಇಲ್ಲ.

ಹೆಚ್ಚಿನವರು ಸೋಲುವುದು ಬಿಳಿ ಹಕ್ಕಿಯಲ್ಲಿ. ಚಮಚಕೊಕ್ಕಿನ ಹಿಂದೆ ಕಪ್ಪು ಹಸಿರಿನ ಮೆಳೆ ಇದ್ದರೆ ಕ್ಯಾಮೆರಾದ ಬೆಳಕಿನ ಮೀಟರ್ ಆ ಕತ್ತಲನ್ನು ನೋಡಿ ಬೆಳಕು ಏರಿಸಿಬಿಡುತ್ತದೆ. ಹಕ್ಕಿಯ ಎದೆ ಸುಣ್ಣ ಬಳಿದ ಗೋಡೆ! ಗರಿಯ ಗೆರೆ ಒಮ್ಮೆ ಸುಟ್ಟುಹೋದರೆ ಕ್ಯಾಮೆರಾದ ಕಚ್ಚಾ ಚಿತ್ರವಾದ ರಾ ಫೈಲಿನಲ್ಲೂ ವಾಪಸು ಬರುವುದಿಲ್ಲ. ಇಂಥಲ್ಲಿ ಎಕ್ಸ್‌ಪೋಷರ್ ಮೈನಸ್ 1 ಸ್ಟಾಪಿನವರೆಗೆ ಇಳಿಸಬೇಕು. ಅದೇ ಹಕ್ಕಿ ಹಾರಿ ಆಕಾಶಕ್ಕೆ ಬಂತೋ, ಲೆಕ್ಕ ಉಲ್ಟಾ. ಈಗ ಪ್ಲಸ್ 1 ಬೇಕು, ಇಲ್ಲದಿದ್ದರೆ ಹೊಟ್ಟೆ ಬೂದಿ ಬಣ್ಣ. ಗೂಡಿನಿಂದ ಆಕಾಶಕ್ಕೆ ಹಾರಲು ಅದಕ್ಕೆ ಬೇಕಾದ್ದು ಒಂದೇ ಕ್ಷಣ. ಅದಕ್ಕೇ ಕ್ಯಾಮೆರಾ ತಾನಾಗಿ ಬೆಳಕು ಬದಲಿಸದ ಮ್ಯಾನ್ಯುಯಲ್ ಮೋಡಿನಲ್ಲಿ ಬಿಸಿಲಿನಲ್ಲಿರುವ ಒಂದು ಬಿಳಿ ಗರಿಗೆ ಅಳತೆ ಕಟ್ಟಿಟ್ಟುಕೊಂಡರೆ ಹಿನ್ನೆಲೆ ಏನಾದರೂ ಆಗಲಿ, ಬಿಳಿ ಬಿಳಿಯಾಗೇ ಉಳಿಯುತ್ತದೆ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗೂ ಇದೇ ಅಳತೆ ನಡೆಯುತ್ತದೆ.

ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ ಮಾತ್ರ ಎಷ್ಟು ತೆಗೆದರೂ ಮಂಜುಮಂಜು. ಲೆನ್ಸಿನ ತಪ್ಪಲ್ಲ. ಕಾದ ಬಂಡೆಯಿಂದ ಏಳುವ ಬಿಸಿಗಾಳಿ ದೂರದ ಚಿತ್ರವನ್ನು ಕದಡುತ್ತದೆ, ಹತ್ತಿರ ಹೋಗುವುದೊಂದೇ ಮದ್ದು.

ಎಲ್ಲ ಕಡೆ ಹೋಗುವಂತಿಲ್ಲ. ಮುಂದಿನ ಬಂಡೆಯಲ್ಲಿ ಹೊಳೆ ರೀವ (ರಿವರ್ ಟರ್ನ್) ಹಕ್ಕಿ ಕೂತಿತ್ತು, ಬರಿಗಲ್ಲಿನ ಮೇಲೆ. "ಅಣ್ಣ, ಇನ್ನೊಂಚೂರು ಹತ್ರ?" ಅಂದದ್ದಕ್ಕೆ ದೋಣಿಯಣ್ಣ ಹುಟ್ಟು ಎತ್ತಿ ಹಿಡಿದುಬಿಟ್ಟರು.

"ಬ್ಯಾಡಿ ಸಾ, ಮೊಟ್ಟೆ ಮ್ಯಾಲ್ ಕುಂತದೆ. ಎದ್ದೋದ್ರೆ ಈ ಬಿಸ್ಲಿಗೆ ಬೆಂದೋಯ್ತವೆ."

ರೀವದ ತಲೆಯ ಕರಿಟೊಪ್ಪಿಯಲ್ಲಿ ಕಣ್ಣು ಮುಳುಗಿಹೋಗುತ್ತದೆ. ಅದು ಸೂರ್ಯನ ಕಡೆ ಕತ್ತು ತಿರುಗಿಸಿದರಷ್ಟೇ ಕಣ್ಣಲ್ಲಿ ಒಂದು ಬೆಳಕಿನ ಚುಕ್ಕೆ ಮಿನುಗುವುದು. ದೋಣಿ ತೇಲುತ್ತ ಬಂಡೆಯನ್ನು ದಾಟುವಷ್ಟರಲ್ಲಿ ಹನ್ನೊಂದು ಫ್ರೇಮು. ಒಂದರಲ್ಲಿ ಮಾತ್ರ ಚುಕ್ಕೆ ಇತ್ತು.